ಹಣ್ಣಾದ ಹುಳುವಿನೊಳಗೆ ಎಷ್ಟು ಅಂತಸ್ತು?

ಪ್ರಶ್ನೆ: ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ. ಮನೆಯಲ್ಲಿ ರೇಷ್ಮೆ ಬೆಳೆ ತೆಗೆಯುತ್ತೇವೆ. ಜೀವವಿಜ್ಞಾನದ ಪಾಠದಲ್ಲಿ ಅಣು, ಜೀವಕೋಶ, ಅಂಗಾಂಶ, ಅಂಗ, ಅಂಗವ್ಯೂಹ, ಜೀವಿ, ಜೀವಿಸಮುದಾಯ, ಪರಿಸರ ವ್ಯವಸ್ಥೆ ಎಂದು ಒಂದರ ಮೇಲೊಂದು ಮೆಟ್ಟಿಲು ಬರೆಸಿದ್ದಾರೆ. ಈ ಮೆಟ್ಟಿಲುಗಳು ಪ್ರಕೃತಿಯಲ್ಲಿ ನಿಜವಾಗಿ ಇವೆಯೇ, ಅಥವಾ ಓದಲು ಅನುಕೂಲವಾಗಲೆಂದು ನಾವು ಮಾಡಿಕೊಂಡವೇ? ಜೀವ ಎನ್ನುವುದು ಎಷ್ಟನೇ ಮೆಟ್ಟಿಲಲ್ಲಿ ಬರುತ್ತದೆ?
(ಒಬ್ಬ ಪಿಯುಸಿ ವಿದ್ಯಾರ್ಥಿನಿ)

ಉತ್ತರ: ಹುಳುಮನೆ ಇರುವ ಮನೆಯಿಂದ ಈ ಪ್ರಶ್ನೆ ಬಂದದ್ದು ನನಗೆ ತುಂಬ ಸಂತೋಷ ಕೊಟ್ಟಿತು. ಇದಕ್ಕೆ ಬೇಕಾದ ಸಾಕ್ಷ್ಯವೆಲ್ಲ ನಿಮ್ಮ ತಟ್ಟೆಗಳಲ್ಲೇ ಇದೆ. ನಾಲ್ಕನೇ ಜ್ವರದಿಂದ (ಪೊರೆ ಕಳಚುವ ನಿದ್ದೆಯಿಂದ) ಎದ್ದು ಆರೇಳು ದಿನ ಸೊಪ್ಪು ತಿಂದ ಹುಳುವೊಂದನ್ನು ಎತ್ತಿಕೊಂಡು ಬೆಳಕಿಗೆ ಹಿಡಿಯಿರಿ. ಮೊನ್ನೆಯವರೆಗೆ ಕೊಂಬೆ ಸಮೇತ ಬೋಳಿಸುತ್ತಿದ್ದ ಹುಳು ಈಗ ಸೊಪ್ಪನ್ನು ಮೂಸಿಯೂ ನೋಡುವುದಿಲ್ಲ. ಮೈ ಕುಗ್ಗಿ, ಬಿಳಿ ಹೋಗಿ, ಬೆಳಕು ಹಾಯುವಷ್ಟು ತಿಳಿಯಾಗಿದೆ. ತಲೆಯೆತ್ತಿ ಅತ್ತಿತ್ತ ಆಡಿಸುತ್ತ ಏನನ್ನೋ ಹುಡುಕುತ್ತದೆ. ಮನೆಯವರು ಅದನ್ನು ನೋಡಿದ ಕೂಡಲೇ ಹೇಳುತ್ತಾರೆ: ಹಣ್ಣಾಯ್ತು, ಗೂಡು ಕಟ್ಟಲು ಚಂದ್ರಿಕೆಗೆ ಬಿಡಿ.

ಹಣ್ಣಾದದ್ದು ಯಾವುದು? ಹುಳುವೇ, ಅದರ ಒಳಗಿನ ಗ್ರಂಥಿಯೇ, ಗ್ರಂಥಿಯ ಜೀವಕೋಶವೇ, ಜೀವಕೋಶ ಮಾಡಿದ ಪ್ರೋಟೀನೇ? ಈ ಒಂದು ಮಾತನ್ನು ಹಿಡಿದು ಕೆಳಗಿಳಿಯೋಣ, ಆಮೇಲೆ ಮೇಲೇರೋಣ.

ಹುಳುವಿನ ಮೈಯುದ್ದಕ್ಕೂ ಎರಡು ರೇಷ್ಮೆ ಗ್ರಂಥಿಗಳು ಮಡಿಕೆ ಮಡಿಕೆಯಾಗಿ ಮಲಗಿವೆ. ಇವು ಮೂಲದಲ್ಲಿ ಜೊಲ್ಲಿನ ಗ್ರಂಥಿಗಳು. ಬಿಡಿಸಿ ಚಾಚಿದರೆ ಒಂದೊಂದೂ ಹುಳುವಿನ ಉದ್ದದ ಮೂರು ಪಟ್ಟಿಗಿಂತ ಹೆಚ್ಚು. ಹಿಂದಿನ ಭಾಗ ಫೈಬ್ರೊಯಿನ್ ಎಂಬ ಪ್ರೋಟೀನನ್ನು ಮಾಡುತ್ತದೆ. ನೂಲಿನ ತಿರುಳು ಅದು. ನಡುವಿನ ಭಾಗ ಅದನ್ನು ಕೂಡಿಟ್ಟುಕೊಂಡು, ಮೇಲೆ ಸೆರಿಸಿನ್ ಎಂಬ ಅಂಟನ್ನು ಹೊದಿಸುತ್ತದೆ. ಮುಂದಿನ ಭಾಗ ಬರೀ ಕೊಳವೆ. ಎರಡೂ ಕೊಳವೆಗಳು ಬಾಯಿಯ ಬಳಿ ಕೂಡಿ ಒಂದೇ ರಂಧ್ರದಿಂದ ಹೊರಬರುತ್ತವೆ. ಆದ್ದರಿಂದ ನಾವು ಒಂದೆಳೆ ಎಂದುಕೊಳ್ಳುವ ರೇಷ್ಮೆ, ಅಂಟಿನಿಂದ ಬೆಸೆದ ಎರಡೆಳೆ. ಪುಸ್ತಕದಲ್ಲಿ 'ಅಂಗ' ಎಂಬ ಮೆಟ್ಟಿಲಿನ ಎದುರು ಬರೆದುಕೊಳ್ಳಬೇಕಾದದ್ದು ಈ ಗ್ರಂಥಿಯನ್ನೇ.

ಅಂಗಾಂಶದ ಮೆಟ್ಟಿಲನ್ನು ದಾಟಿ ಇಳಿದರೆ ಜೀವಕೋಶ. ಒಂದು ಗ್ರಂಥಿಯಲ್ಲಿರುವ ಜೀವಕೋಶಗಳು ಸುಮಾರು ಒಂದು ಸಾವಿರ, ಅಷ್ಟೇ. ಮೊಟ್ಟೆಯಿಂದ ಹೊರಬಂದ ಎಳೆ ಹುಳುವಿನಲ್ಲಿ ಎಷ್ಟಿದ್ದವೋ ಹಣ್ಣಾದ ಹುಳುವಿನಲ್ಲೂ ಅಷ್ಟೇ ಇರುತ್ತವೆ. ಆ ನಡುವೆ ಹುಳುವಿನ ತೂಕ ಸುಮಾರು ಹತ್ತು ಸಾವಿರ ಪಟ್ಟು ಏರಿದೆ. ಹಾಗಾದರೆ ಗ್ರಂಥಿ ಬೆಳೆದದ್ದು ಹೇಗೆ? ಜೀವಕೋಶಗಳು ಒಡೆದು ಎರಡಾಗುವ ಬದಲು ಒಳಗಿನ ಡಿಎನ್‌ಎಯನ್ನು ಮಾತ್ರ ಮತ್ತೆ ಮತ್ತೆ ನಕಲು ಮಾಡಿಕೊಳ್ಳುತ್ತವೆ. ಕೊನೆಗೆ ಒಂದು ಜೀವಕೋಶದಲ್ಲಿ ಲಕ್ಷಾಂತರ ಪ್ರತಿಗಳು ಸೇರಿ, ದುಂಡಗಿರಬೇಕಾದ ಕೋಶಕೇಂದ್ರ ಮರದ ಕೊಂಬೆಯಂತೆ ಕವಲೊಡೆದಿರುತ್ತದೆ. 1972ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಯೊಶಿಯಾಕಿ ಸುಜುಕಿ ಮತ್ತು ಡೊನಾಲ್ಡ್ ಬ್ರೌನ್ ಈ ಜೀವಕೋಶಗಳಿಂದಲೇ ಫೈಬ್ರೊಯಿನ್ನಿನ ಸಂದೇಶವಾಹಕ ಆರ್‌ಎನ್‌ಎಯನ್ನು ಬೇರ್ಪಡಿಸಿದರು. ಒಂದೇ ಕೆಲಸಕ್ಕೆ ಇಷ್ಟೊಂದು ತೊಡಗಿಕೊಂಡ ಜೀವಕೋಶ ಬೇರೆಲ್ಲೂ ಅಷ್ಟು ಸುಲಭವಾಗಿ ಸಿಗುವುದಿಲ್ಲ ಎಂಬುದೇ ಅವರು ರೇಷ್ಮೆಹುಳುವನ್ನು ಹಿಡಿದದ್ದಕ್ಕೆ ಕಾರಣ.

ಇನ್ನೊಂದು ಮೆಟ್ಟಿಲು ಇಳಿದರೆ ಅಣು. ಫೈಬ್ರೊಯಿನ್ನಿನ ದೊಡ್ಡ ಸರಪಳಿಯಲ್ಲಿ ಐದು ಸಾವಿರಕ್ಕೂ ಹೆಚ್ಚು ಅಮೈನೊ ಆಮ್ಲಗಳಿವೆ. ಅದರ ಬಹುಭಾಗ ಗ್ಲೈಸಿನ್, ಅಲನಿನ್, ಸೆರಿನ್ ಎಂಬ ಮೂರೇ ಬಗೆಯ ಮಣಿಗಳನ್ನು ತಿರುತಿರುಗಿ ಪೋಣಿಸಿದ್ದು. ಗ್ರಂಥಿಯೊಳಗೆ ಇದು ನೀರಿನಲ್ಲಿ ಕರಗಿದ ಮಂದ ದ್ರವ. ಹೊರಗೆ ಬಂದಾಗ ನೀರಿನಲ್ಲಿ ಕರಗದ ನೂಲು. ನಡುವೆ ಏನಾಯಿತು? ಕೊಳವೆ ಸಣ್ಣದಾಗುತ್ತ ಹೋದಂತೆ ದ್ರವದ ಆಮ್ಲೀಯತೆ ಏರುತ್ತದೆ. ಎಳೆತಕ್ಕೆ ಸಿಕ್ಕ ಸರಪಳಿಗಳು ಒಂದರ ಪಕ್ಕ ಒಂದು ಹಾಳೆಗಳಂತೆ ಜೋಡಿಸಿಕೊಂಡು ಬಿಗಿಯುತ್ತವೆ. ಒಣಗುವುದರಿಂದ ಗಟ್ಟಿಯಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಗಟ್ಟಿಮಾಡುವುದರಲ್ಲಿ ಮುಖ್ಯ ಪಾಲು ಆ ಎಳೆತದ್ದು.

ಇಲ್ಲಿ ಸ್ವಲ್ಪ ನಿಲ್ಲಬೇಕು, ನಿಮ್ಮ ಪ್ರಶ್ನೆಯ ಮರ್ಮ ಇಲ್ಲೇ ಇದೆ. ಆ ಎಳೆತ ಎಲ್ಲಿಂದ ಬಂತು? ಹುಳು ನೂಲನ್ನು ಹಿಂಡಿ ತಳ್ಳುವುದಿಲ್ಲ. ತುದಿಯನ್ನು ಚಂದ್ರಿಕೆಗೆ ಅಂಟಿಸಿ, ತಲೆಯನ್ನು ಎಂಟರ ಆಕಾರದಲ್ಲಿ ತಿರುಗಿಸುತ್ತ ತನ್ನೊಳಗಿನಿಂದ ತಾನೇ ಎಳೆದುಕೊಳ್ಳುತ್ತದೆ. ತಲೆ ಆಡಿಸುವುದು ಅಣುವಿನ ಕೆಲಸವಲ್ಲ, ಜೀವಕೋಶದ ಕೆಲಸವೂ ಅಲ್ಲ. ಸ್ನಾಯು, ನರ, ಚರ್ಮ, ಕಾಲು ಎಲ್ಲ ಕೂಡಿದ ಇಡೀ ಹುಳುವಿನ ನಡತೆ ಅದು. ಆ ನಡತೆ ಅಣುವಿನ ಮಡಿಕೆಯನ್ನು ನಿರ್ಧರಿಸುತ್ತದೆ. ಪಾಠದ ಮೆಟ್ಟಿಲು ನೋಡಿದರೆ ಕೆಳಗಿನದು ಮೇಲಿನದನ್ನು ಕಟ್ಟುತ್ತದೆ ಎಂದು ಮಾತ್ರ ಅನ್ನಿಸುತ್ತದೆ. ಮೇಲಿನಿಂದ ಕೆಳಕ್ಕೂ ಹಿಡಿತವಿದೆ ಎಂಬುದನ್ನು ಪುಸ್ತಕದ ಚಿತ್ರ ತೋರಿಸುವುದಿಲ್ಲ. ಎರಡು ಮೂರು ದಿನ ಈ ತಲೆಯಾಟ ನಡೆದು ಸಾವಿರ ಮೀಟರಿನ ಆಸುಪಾಸು ಉದ್ದದ ಎಳೆ ಒಂದು ಗೂಡಾಗುತ್ತದೆ.

ಹಣ್ಣಾಗುವ ಸಮಯ ಗೊತ್ತುಮಾಡುವುದು ಗ್ರಂಥಿಯೂ ಅಲ್ಲ. ಮಿದುಳಿನಿಂದ ಹೊರಟ ಅಪ್ಪಣೆ ಎದೆಯ ಮುಂಭಾಗದಲ್ಲಿರುವ ಇನ್ನೊಂದು ಪುಟ್ಟ ಗ್ರಂಥಿಗೆ ಮುಟ್ಟಿ, ಅದು ರಕ್ತಕ್ಕೆ ಎಕ್ಡೈಸೋನ್ ಎಂಬ ಹಾರ್ಮೋನನ್ನು ಬಿಡುತ್ತದೆ. ಆಗ ಹೊಟ್ಟೆ ಬರಿದಾಗುತ್ತದೆ, ತಿನ್ನುವ ಆಸೆ ಹೋಗುತ್ತದೆ, ಅಲೆದಾಟ ಶುರುವಾಗುತ್ತದೆ. ಹುಳುಗಳು ಒಟ್ಟಿಗೆ ಹಣ್ಣಾಗಲಿ ಎಂದು ನಿಮ್ಮಲ್ಲಿ ಸೊಪ್ಪಿನ ಮೇಲೆ ಸಿಂಪಡಿಸುವ 'ಸಂಪೂರ್ಣ'ದಲ್ಲಿ ಇರುವುದು ಇದೇ ಬಗೆಯ, ಗಿಡದಿಂದ ತೆಗೆದ ಹಾರ್ಮೋನು. ಜರ್ಮನಿಯ ಅಡಾಲ್ಫ್ ಬುಟೆನಾಂಡ್ಟ್ ಮತ್ತು ಪೀಟರ್ ಕಾರ್ಲ್‌ಸನ್ ಎಕ್ಡೈಸೋನನ್ನು ಮೊದಲ ಬಾರಿಗೆ ಹರಳು ರೂಪದಲ್ಲಿ ತೆಗೆದದ್ದು 1954ರಲ್ಲಿ. 500 ಕಿಲೋ ರೇಷ್ಮೆ ಪ್ಯೂಪಾದಿಂದ ಅವರಿಗೆ ದಕ್ಕಿದ್ದು 25 ಮಿಲಿಗ್ರಾಂ. ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವ ಫಿಲೇಚರುಗಳ ಹಿಂದೆ ಗುಡ್ಡೆಯಾಗಿ ಬಿದ್ದು ನಾರುವ ಆ ಪ್ಯೂಪಾಗಳ ಪಕ್ಕ ಹಾಯುವಾಗ ನನಗೆ ಈ ಲೆಕ್ಕ ನೆನಪಾಗುತ್ತದೆ.

ಈಗ ಮೊದಲ ಪ್ರಶ್ನೆಗೆ ಬರೋಣ. ಫೈಬ್ರೊಯಿನ್ ಅಣು ಹಣ್ಣಾಗಿದೆಯೇ ಎಂದು ಕೇಳಿದರೆ ಅರ್ಥವಿಲ್ಲ. ಜೀವಕೋಶ ಹಸಿದಿದೆಯೇ, ಗ್ರಂಥಿ ಚಂದ್ರಿಕೆ ಹುಡುಕುತ್ತಿದೆಯೇ ಎಂದೂ ಕೇಳಲಾಗದು. ಹಣ್ಣಾಗುವುದು, ಹಸಿಯುವುದು, ಹುಡುಕುವುದು ಹುಳು ಎಂಬ ಅಂತಸ್ತಿನಲ್ಲಿ ಮಾತ್ರ ಹುಟ್ಟುವ ಗುಣಗಳು. ಹಾಗೆಯೇ ಹುಳುವನ್ನು ಎಷ್ಟೇ ದಿಟ್ಟಿಸಿದರೂ ಗ್ಲೈಸಿನ್ ಮಣಿಯ ಸರಣಿ ಕಾಣದು. ಒಂದು ಅಂತಸ್ತಿನಲ್ಲಿ ಅರ್ಥವಿರುವ ಪ್ರಶ್ನೆ ಕೆಳಗಿನ ಅಂತಸ್ತಿನಲ್ಲಿ ಅರ್ಥ ಕಳೆದುಕೊಳ್ಳುತ್ತದೆ ಎಂದಾದರೆ ಆ ಎರಡು ಅಂತಸ್ತುಗಳು ಬೇರೆ ಬೇರೆ, ನಿಜವಾಗಿಯೂ ಬೇರೆ. ನಾವು ಮಾಡಿಕೊಂಡದ್ದು ಮೆಟ್ಟಿಲು ಎಂಬ ಚಿತ್ರವನ್ನು ಮಾತ್ರ. ಮೆಟ್ಟಿಲಿನಲ್ಲಿ ಒಂದು ಸಲಕ್ಕೆ ಒಂದರ ಮೇಲೆ ನಿಲ್ಲುತ್ತೇವೆ. ಹುಳುವಾದರೋ ಎಲ್ಲ ಅಂತಸ್ತುಗಳಲ್ಲೂ ಏಕಕಾಲಕ್ಕೆ ಬದುಕುತ್ತಿದೆ.

ಹುಳುವಿನಿಂದ ಮೇಲಕ್ಕೆ ಹೋದರೆ ವಿಷಯ ಇನ್ನೂ ಸ್ವಾರಸ್ಯವಾಗುತ್ತದೆ. ಬೆಳೆಗಾರರ ಲಾಭ ನಷ್ಟ ತೀರ್ಮಾನವಾಗುವುದೂ ಅಲ್ಲೇ.

ನೂರು ಮೊಟ್ಟೆ ಚಾಕಿ ತಂದೆವು ಎನ್ನುತ್ತೀರಿ. ಅದರರ್ಥ ನೂರು ತಾಯಿ ಚಿಟ್ಟೆಗಳು ಇಟ್ಟ ಮೊಟ್ಟೆಗಳು. ಒಂದೊಂದರಲ್ಲಿ 400ರಿಂದ 500ರಂತೆ ನಲವತ್ತೈವತ್ತು ಸಾವಿರ ಹುಳುಗಳ ಗುಂಪು. ಈ ಗುಂಪಿಗೆ ಅದರದೇ ಗುಣಗಳಿವೆ. ಮಾರುಕಟ್ಟೆಯಲ್ಲಿ ರೀಲರ್ ನಿಮ್ಮ ಲಾಟಿಗೆ ಕೈ ಹಾಕಿ ಗೂಡು ಅಮುಕಿ ಬೆಲೆ ಕಟ್ಟುವಾಗ ಅವರ ತಲೆಯಲ್ಲಿ ಇರುವುದು ಒಂದು ಕಿಲೋ ನೂಲಿಗೆ ಆರು ಕಿಲೋ ಗೂಡು ಬೇಕಾದೀತೇ, ಎಂಟು ಬೇಕಾದೀತೇ ಎಂಬ ಲೆಕ್ಕ. ಅದು ಒಂದು ಗೂಡಿನ ಗುಣವಲ್ಲ, ಲಾಟಿನ ಗುಣ. ಇನ್ನೊಂದು ಉದಾಹರಣೆ: ಮೈಸೂರು ತಳಿಯ ತಾಯಿಗೆ ದ್ವಿತಳಿ ಗಂಡನ್ನು ಕೂಡಿಸಿ ಪಡೆದ ಮಿಶ್ರತಳಿ ಗಟ್ಟಿಮುಟ್ಟಾಗಿರುತ್ತದೆ. ಆದರೆ ಆ ಬೆಳೆಯ ಗೂಡುಗಳನ್ನೇ ಬೀಜಕ್ಕೆ ಉಳಿಸಿಕೊಂಡರೆ ಮುಂದಿನ ಪೀಳಿಗೆಯಲ್ಲಿ ಗುಣಗಳು ಚೆದುರಿ ಹುಳುಗಳು ಒಂದೊಂದು ಒಂದೊಂದು ಥರ ಆಗುತ್ತವೆ. ಜಪಾನಿನ ತೊಯಾಮ ಕಮೆಟಾರೊ 1906ರಲ್ಲಿ ಮೆಂಡಲನ ನಿಯಮ ರೇಷ್ಮೆಹುಳುವಿಗೂ ಹೊಂದುತ್ತದೆ ಎಂದು ತೋರಿಸಿದ ಮೇಲೆ ಇದು ಸ್ಪಷ್ಟವಾಯಿತು. ಪ್ರತಿ ಬೆಳೆಗೂ ಬಿತ್ತನೆ ಕೋಠಿಯ ಮೊಟ್ಟೆಯೇ ಬೇಕಾಗುವುದು ಅದಕ್ಕೆ.

ನಿಮ್ಮ ಭಾಗದ ಸಿಬಿ (ಮಿಶ್ರತಳಿ) ಗೂಡಿನ ಹಳದಿ ಬಣ್ಣವನ್ನೇ ನೋಡಿ. ಆ ಬಣ್ಣವನ್ನು ಹುಳು ತಯಾರಿಸುವುದಿಲ್ಲ. ಸೊಪ್ಪಿನ ಕ್ಯಾರೊಟಿನಾಯ್ಡ್ ಕರುಳನ್ನು ದಾಟಿ, ರಕ್ತಕ್ಕೆ ಬಂದು, ಗ್ರಂಥಿಯ ನಡುಭಾಗ ಸೇರಿ, ಅಂಟಿನ ಪದರದಲ್ಲಿ ಕೂರುತ್ತದೆ. ಬಿಳಿ ಗೂಡಿನ ತಳಿಯೂ ತಿನ್ನುವುದು ಅದೇ ಸೊಪ್ಪು. ಬಣ್ಣವನ್ನು ದಾಟಿಸುವ ಪ್ರೋಟೀನು ಅದರಲ್ಲಿ ಕೆಲಸ ಮಾಡುವುದಿಲ್ಲ. ಹಳದಿ ನೂಲನ್ನು ಸೋಪಿನ ನೀರಿನಲ್ಲಿ ಕುದಿಸಿ ಅಂಟು ತೆಗೆದರೆ ಬಣ್ಣವೂ ಹೊರಟುಹೋಗುವುದು ಇದೇ ಕಾರಣಕ್ಕೆ.

ಹಿಪ್ಪುನೇರಳೆ ಸೊಪ್ಪು ಕಿತ್ತಾಗ ತೊಟ್ಟಿನಲ್ಲಿ ಹಾಲು ಒಸರುತ್ತದಲ್ಲ, ಅದರ ಕತೆ ಇನ್ನೂ ದೊಡ್ಡದು. ಹಲಸು, ಅತ್ತಿ, ಆಲ, ಅಶ್ವತ್ಥ, ಹಿಪ್ಪುನೇರಳೆ ಎಲ್ಲವೂ ಹಾಲು ಸುರಿಸುವ ಒಂದೇ ಮನೆತನ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥಕ್ಕೆ ಹೆಸರು ಕೊಟ್ಟ ಮರ ನಿಮ್ಮ ತೋಟದ ಗಿಡಕ್ಕೆ ನೆಂಟ. ಹಿಪ್ಪುನೇರಳೆಯ ಹಾಲಿನಲ್ಲಿ ಸಕ್ಕರೆಯ ರೂಪ ತಾಳಿದ ಆಲ್ಕಲಾಯ್ಡುಗಳಿವೆ. ಬೇರೆ ಜಾತಿಯ ಕಂಬಳಿಹುಳುಗಳು ತಿಂದರೆ ಅವುಗಳ ಸಕ್ಕರೆ ಅರಗಿಸುವ ಕಿಣ್ವ ಕಟ್ಟಿಹೋಗಿ ಬೆಳವಣಿಗೆ ನಿಲ್ಲುತ್ತದೆ. ಜಪಾನಿನ ವಿಜ್ಞಾನಿಗಳು ಇದನ್ನು 2006ರಲ್ಲಿ ತೋರಿಸಿಕೊಟ್ಟರು. ರೇಷ್ಮೆಹುಳುವಿನ ಕರುಳಿನಲ್ಲಿ ಆ ವಿಷಕ್ಕೆ ಬಗ್ಗದ ಇನ್ನೊಂದು ಕಿಣ್ವವಿದೆ, ಅದರ ಜೀನು ಎಂದೋ ಬ್ಯಾಕ್ಟೀರಿಯಾದಿಂದ ಬಂದದ್ದು. ಗಿಡ ಮತ್ತು ಹುಳುಗಳ ನಡುವಿನ ಯುದ್ಧ ಜೀವಿಸಮುದಾಯದ ಅಂತಸ್ತಿನದು. ಗೆಲುವು ನಿಶ್ಚಯವಾದದ್ದು ಒಂದು ಅಣುವಿನಲ್ಲಿ.

ರೋಗಗಳ ವಿಷಯದಲ್ಲಿ ಅಂತಸ್ತನ್ನು ಸರಿಯಾಗಿ ಗುರುತಿಸುವುದು ಬದುಕಿನ ಪ್ರಶ್ನೆಯೇ ಆಗುತ್ತದೆ. ಸುಣ್ಣಕಟ್ಟು ರೋಗ ಬಂದ ಹುಳು ಸುಣ್ಣದ ಕಡ್ಡಿಯಂತೆ ಬೆಳ್ಳಗೆ ಬಿರುಸಾಗುತ್ತದೆ. ಅದು ಚರ್ಮ ಕೊರೆದು ಒಳಹೊಕ್ಕ ಶಿಲೀಂಧ್ರದ ಕೆಲಸ ಎಂದು ಇಟಲಿಯ ಅಗೊಸ್ಟಿನೊ ಬಾಸ್ಸಿ 1835ರಲ್ಲೇ ಸಾಧಿಸಿ ತೋರಿಸಿದ. ಪ್ರಾಣಿಯ ರೋಗವೊಂದಕ್ಕೆ ಸೂಕ್ಷ್ಮಜೀವಿ ಕಾರಣ ಎಂದು ರುಜುವಾದದ್ದು ಅದೇ ಮೊದಲು. ಎಲ್ಲ ಡಾಕ್ಟರುಗಳೂ ರೇಷ್ಮೆಹುಳುವಿಗೆ ಈ ಋಣ ಹೊತ್ತಿದ್ದಾರೆ.

ಗಂಟು ರೋಗದ್ದು ಬೇರೆ ದಾರಿ. ನೊಸೀಮಾ ಎಂಬ ಏಕಕೋಶ ಪರಾವಲಂಬಿ ಹುಳುವಿನ ಜೀವಕೋಶಗಳೊಳಗೆ ಬೆಳೆದು, ತಾಯಿಯ ಅಂಡದೊಳಗೆ ಸೇರಿಕೊಂಡು ಮುಂದಿನ ಪೀಳಿಗೆಗೆ ದಾಟುತ್ತದೆ. ಹುಳುವಿಗೆ ಮದ್ದು ಹಾಕಿ ಪ್ರಯೋಜನವಿಲ್ಲ. 1865ರಲ್ಲಿ ಫ್ರಾನ್ಸಿನ ಅಲೆಸ್ ಊರಿಗೆ ಬಂದ ಲೂಯಿ ಪಾಶ್ಚರ್ ಕಂಡುಕೊಂಡ ಉಪಾಯ, ಒಂದೊಂದು ತಾಯಿ ಚಿಟ್ಟೆಯನ್ನೂ ಬೇರೆ ಬೇರೆಯಾಗಿ ಮೊಟ್ಟೆ ಇಡಿಸಿ, ಆಮೇಲೆ ಆ ತಾಯಿಯನ್ನು ಅರೆದು ಸೂಕ್ಷ್ಮದರ್ಶಕದಡಿ ನೋಡುವುದು. ರೋಗಾಣು ಕಂಡರೆ ಅದರ ಮೊಟ್ಟೆಗಳನ್ನು ಸುಡುವುದು. ರೋಗ ಜೀವಕೋಶದಲ್ಲಿ, ಪರಿಹಾರ ಪೀಳಿಗೆಯಲ್ಲಿ. ಬಿತ್ತನೆ ಕೋಠಿಗಳಲ್ಲಿ ಇಂದಿಗೂ ನಡೆಯುವುದು ಅದೇ ಪರೀಕ್ಷೆ.

ಊಜಿ ನೊಣ ಕರ್ನಾಟಕಕ್ಕೆ ಕಾಲಿಟ್ಟದ್ದು 1980ರಲ್ಲಿ. ಅಲ್ಲಿಯವರೆಗೆ ಅದು ಬಂಗಾಳ, ಅಸ್ಸಾಮುಗಳ ಕಡೆ ಇತ್ತು. ಸಾಗಿಸಿದ ಗೂಡಿನ ಜೊತೆ ಇಲ್ಲಿಗೂ ಬಂತು. ಹುಳುವಿನ ಮೈಮೇಲೆ ಮೊಟ್ಟೆ ಇಟ್ಟು ಕಪ್ಪು ಚುಕ್ಕೆ ಬೀಳಿಸುವ ಈ ನೊಣಕ್ಕೆ ಸೊಳ್ಳೆಪರದೆಯಂಥ ಬಲೆ ಒಂದು ತಡೆ. ಇನ್ನೊಂದು, ಊಜಿಯ ಪ್ಯೂಪಾದಲ್ಲೇ ಮೊಟ್ಟೆಯಿಟ್ಟು ಅದನ್ನು ತಿಂದುಹಾಕುವ ನೆಸೊಲಿಂಕ್ಸ್ ಥೈಮಸ್ ಎಂಬ ಚಿಕ್ಕ ಕಣಜ. ಹುಳುವನ್ನು ತಿನ್ನುವ ನೊಣ, ನೊಣವನ್ನು ತಿನ್ನುವ ಕಣಜ. ಈ ಸಂಬಂಧಗಳನ್ನು ಮರೆತು ಹುಳುಮನೆ ಸುತ್ತ ಸಿಕ್ಕಸಿಕ್ಕ ಕೀಟನಾಶಕ ಹೊಡೆದರೆ ಮೊದಲು ಸಾಯುವುದು ಕಣಜ, ಆಮೇಲೆ ನಿಮ್ಮ ಹುಳು.

ಈ ಎಲ್ಲದರ ಮೇಲೆ ನೀರು. ನಂದಿಯ ಸುತ್ತಲ ಬೆಟ್ಟಗಳಲ್ಲಿ ಹುಟ್ಟುವ ಹೊಳೆಗಳೆಲ್ಲ ಬೇರೆ ಸೀಮೆಗೆ ಹರಿದುಹೋಗುತ್ತವೆ. ವರ್ಷವಿಡೀ ಹರಿಯುವ ನದಿ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಯಾವುದಕ್ಕೂ ಇಲ್ಲ. ಹಿಂದೆ ಕೆರೆಗಳಿದ್ದವು, ಈಗ ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳಿವೆ. ಆಳದ ಕಲ್ಲಿನ ಸಂದಿಯಲ್ಲಿ ಬಹುಕಾಲ ನಿಂತ ನೀರು ಫ್ಲೋರೈಡನ್ನು ಕರಗಿಸಿಕೊಂಡಿರುತ್ತದೆ. ಗೌರಿಬಿದನೂರು, ಬಾಗೇಪಲ್ಲಿ ಕಡೆಯ ಮಕ್ಕಳ ಹಲ್ಲಿನ ಮೇಲಿನ ಕಂದು ಪಟ್ಟೆಗಳನ್ನು ನೀವೂ ನೋಡಿರುತ್ತೀರಿ. ಹಲ್ಲಿನ ಹೊಳಪು ಕಟ್ಟುವ ಜೀವಕೋಶಗಳು ಹಲ್ಲು ವಸಡಿನೊಳಗೆ ರೂಪುಗೊಳ್ಳುವಾಗ ಮಾತ್ರ ಇರುತ್ತವೆ. ಹಲ್ಲು ಹೊರಬಂದಾಗ ಅವು ಮುಗಿದುಹೋಗಿರುತ್ತವೆ. ಸುಮಾರು ಎಂಟು ವರ್ಷದೊಳಗೆ ಹೆಚ್ಚು ಫ್ಲೋರೈಡಿನ ನೀರು ಕುಡಿದು ಆ ಜೀವಕೋಶಗಳ ಕೆಲಸ ಕೆಟ್ಟರೆ, ತಿದ್ದುವುದಕ್ಕೆ ಅವು ಮತ್ತೆ ಬರುವುದಿಲ್ಲ. ಒಂದು ಅಯಾನು, ಒಂದು ಬಗೆಯ ಜೀವಕೋಶ, ಒಂದು ಮಗುವಿನ ನಗು, ಒಂದು ಊರಿನ ಅಂತರ್ಜಲ: ನಾಲ್ಕೂ ಒಂದೇ ದಾರದಲ್ಲಿವೆ. ಶುದ್ಧ ನೀರಿನ ಘಟಕ ಇಂದಿನ ಬಾಯಾರಿಕೆಗೆ ಬೇಕೇ ಬೇಕು. ಆದರೆ ಈ ರೋಗದ ಮೂಲ ಇರುವ ಅಂತಸ್ತು ಕೆರೆ, ಕಾಲುವೆ, ಮಳೆನೀರು. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ತ್ಯಾಜ್ಯನೀರನ್ನು ಎರಡನೇ ಹಂತದವರೆಗೆ ಶುದ್ಧಗೊಳಿಸಿ ಜಿಲ್ಲೆಯ ಕೆರೆಗಳಿಗೆ ತುಂಬುತ್ತಿದ್ದಾರೆ. ಮೂರನೇ ಹಂತದ ಶುದ್ಧೀಕರಣವೂ ಆಗಲಿ ಎಂಬ ಇಲ್ಲಿನ ರೈತರ ಬೇಡಿಕೆ ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ. ಕೆರೆಗೆ ಬಿದ್ದದ್ದು ಅಂತರ್ಜಲಕ್ಕೆ, ಗಿಡಕ್ಕೆ, ಸೊಪ್ಪಿಗೆ ಇಳಿಯುತ್ತದೆ.

ಉಳಿದದ್ದು ನಿಮ್ಮ ಎರಡನೇ ಪ್ರಶ್ನೆ: ಜೀವ ಎಷ್ಟನೇ ಮೆಟ್ಟಿಲಲ್ಲಿ? ಇದಕ್ಕೆ ಚಿಕ್ಕ ಉತ್ತರ ಜೀವಕೋಶ. ತಾನೇ ಆಹಾರ ಒಳಗೆ ತೆಗೆದುಕೊಂಡು, ತನ್ನನ್ನು ತಾನೇ ರಿಪೇರಿ ಮಾಡಿಕೊಂಡು, ತನ್ನಂಥ ಇನ್ನೊಂದನ್ನು ಮಾಡಬಲ್ಲ ಅತಿ ಸಣ್ಣ ಘಟಕ ಅದು. ಫೈಬ್ರೊಯಿನ್ ಎಷ್ಟೇ ಸೊಗಸಾಗಿದ್ದರೂ ಅಜ್ಜಿಯ ಸೀರೆಯಲ್ಲಿ ಅದಕ್ಕೆ ಜೀವವಿಲ್ಲ. ಆದರೆ ಗಡಿಯಲ್ಲಿ ತಂಟೆ ಮಾಡುವವರಿದ್ದಾರೆ. ಹಾಲುತೊಂಡೆ ರೋಗ ತರುವ ವೈರಸ್ ತಟ್ಟೆಯ ಧೂಳಿನಲ್ಲಿ ಪ್ರೋಟೀನಿನ ಹರಳಾಗಿ ಸುಮ್ಮನೆ ಬಿದ್ದಿರುತ್ತದೆ. ಹುಳುವಿನ ಜೀವಕೋಶದ ಕೇಂದ್ರ ಹೊಕ್ಕಿತೋ, ಅಲ್ಲಿನ ಯಂತ್ರಗಳನ್ನೆಲ್ಲ ತನಗೆ ದುಡಿಸಿಕೊಂಡು ಹೆಚ್ಚುತ್ತದೆ. ಅದು ಜೀವಿಯೋ ಅಲ್ಲವೋ ಎಂಬುದರಲ್ಲಿ ವಿಜ್ಞಾನಿಗಳಿಗೇ ಒಮ್ಮತವಿಲ್ಲ. ನೊಸೀಮಾಕ್ಕೆ ಅಂಗಾಂಶ, ಅಂಗ, ಅಂಗವ್ಯೂಹ ಎಂಬ ಮೆಟ್ಟಿಲುಗಳೇ ಇಲ್ಲ; ಅದರ ಪಾಲಿಗೆ ಜೀವಕೋಶವೇ ಜೀವಿ. ಇತ್ತ ನಿಮ್ಮ ರೇಷ್ಮೆಹುಳುವೂ ಒಂಟಿಯಾಗಿ ಪೂರ್ಣವಲ್ಲ. ಚೀನಾದ ಕಾಡು ಹುಳುವಿನಿಂದ ಸುಮಾರು ಐದು ಸಾವಿರ ವರ್ಷಗಳ ಹಿಂದೆ ಮನೆಗೆ ಬಂದ ಈ ಜಾತಿ ಈಗ ಕಾಡಿನಲ್ಲಿ ಎಲ್ಲೂ ಇಲ್ಲ. ಚಿಟ್ಟೆಗೆ ರೆಕ್ಕೆಯಿದ್ದರೂ ಹಾರಲಾರದು. ಸೊಪ್ಪು ತಂದು ಹಾಕುವ ಕೈ ಇಲ್ಲದಿದ್ದರೆ ಒಂದೇ ಪೀಳಿಗೆಯಲ್ಲಿ ಅದರ ವಂಶ ಮುಗಿಯುತ್ತದೆ. ಆ ಕೈ ನಿಮ್ಮ ತಾಯಿಯದು, ನಿಮ್ಮದು.

ಮುಂದಿನ ಬೆಳೆಯಲ್ಲಿ ಒಂದು ಕೆಲಸ ಮಾಡಿ. ಐದನೇ ಹಂತದ ಒಂದು ಆರೋಗ್ಯವಂತ ಹುಳುವನ್ನು ಸೊಪ್ಪಿನೊಂದಿಗೆ ಪೆಟ್ಟಿಗೆಯಲ್ಲಿಟ್ಟುಕೊಂಡು ಚಿಂತಾಮಣಿಯ ರೇಷ್ಮೆ ಕೃಷಿ ಕಾಲೇಜಿಗೆ, ಅಷ್ಟು ದೂರ ಆಗದಿದ್ದರೆ ನಿಮ್ಮ ಕಾಲೇಜಿನ ಜೀವವಿಜ್ಞಾನದ ಮೇಷ್ಟ್ರ ಬಳಿಗೆ ಹೋಗಿ, ರೇಷ್ಮೆ ಗ್ರಂಥಿಯನ್ನು ಬಿಡಿಸಿ ತೋರಿಸಲು ಕೇಳಿ. ಅದರ ಒಂದು ಚೂರಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟರೆ ಕವಲೊಡೆದ ಕೋಶಕೇಂದ್ರ ಕಾಣುತ್ತದೆ. ನೋಡಿದ್ದನ್ನು ಚಿತ್ರ ಬರೆದು ನಮಗೆ ಕಳಿಸಿ.